ಗುರುವಾರದ ಸೂಜಿ, ಶುಕ್ರವಾರದ ಜ್ವರ

ಬೆಳಗಾವಿ ಜಿಲ್ಲೆಯ ನಮ್ಮ ಅಥಣಿ ಕಡೆ ಬಂದು ಹೋಗುವಾಗ ನೀವು ಒಂದು ಪ್ರಶ್ನೆ ಕೇಳಿದಿರಿ. ಲಸಿಕೆ ಪುಕ್ಕಟೆ ಸಿಗುತ್ತೆ, ಊರೊಳಗೇ ಬಂದು ಹಾಕುತ್ತಾರೆ, ಆದರೂ ಕೆಲವು ತಾಂಡಾದವರು, ಕೆಲವು ಓಣಿಯವರು ಯಾಕೆ ಬೇಡ ಅಂತಾರೆ? ಮೂಢನಂಬಿಕೆನಾ? ಅವತ್ತು ಬಸ್ಸಿನ ಹೊತ್ತಾಗಿತ್ತು, ಸರಿಯಾಗಿ ಹೇಳಲು ಆಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ನಮ್ಮ ವೈನಿ ಆಶಾ ಕಾರ್ಯಕರ್ತೆ. ಅಣ್ಣನ ಹೆಂಡತಿಗೆ ನಾವು ವೈನಿ ಅನ್ನುತ್ತೇವೆ, ಮಹಾರಾಷ್ಟ್ರದ ಗಡಿ ಆಚೆಯಿಂದ ಬಂದು ನಮ್ಮದೇ ಆಗಿಹೋದ ಮಾತು. ದೂರದ ತೋಟದ ಮನೆಗಳಿಗೆ, ಕಬ್ಬು ಕಡಿಯುವ ಗ್ಯಾಂಗಿನವರ ಜೋಪಡಿಗಳಿಗೆ ಅವರನ್ನು ಬೈಕಿನ ಮೇಲೆ ಕರೆದುಕೊಂಡು ಹೋಗುವುದು ನಾನೇ. ಹಾಗಾಗಿ "ಬೇಡ" ಅನ್ನುವ ಮಾತನ್ನು ಎಷ್ಟೋ ಬಾಗಿಲಲ್ಲಿ ನಿಂತು ಕೇಳಿದ್ದೇನೆ.

ಮೊದಲು ದೇವರ ವಿಷಯ ಹೇಳಿಬಿಡುತ್ತೇನೆ. ಹೊರಗಿನವರಿಗೆಲ್ಲ ಅದೇ ಅನುಮಾನ. ದಡಾರ ಎದ್ದರೆ ನಮ್ಮಲ್ಲಿ "ಅಮ್ಮ ಬಂದಾಳ" ಅನ್ನುತ್ತಾರೆ. ಬಾಗಿಲಿಗೆ ಬೇವಿನ ತಪ್ಪಲು ಕಟ್ಟುತ್ತಾರೆ, ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ, ದ್ಯಾಮವ್ವನಿಗೆ ಹರಕೆ ಹೊರುತ್ತಾರೆ. ಇದರಿಂದ ತೊಂದರೆ ಆಗುವುದು ರೋಗ ಬಂದ ಮೇಲೆ. ಮಗುವನ್ನು ದವಾಖಾನೆಗೆ ತರುವುದು ತಡವಾಗುತ್ತೆ, ಕಣ್ಣು ಉಳಿಸುವ ವಿಟಮಿನ್ ಎ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ. ಆದರೆ ರೋಗ ಬರುವ ಮೊದಲೇ ಹಾಕಿಸುವ ಸೂಜಿಯನ್ನು ಅಮ್ಮ ಬೇಡ ಅಂದಳು ಎಂದು ಹೇಳಿದ ಒಬ್ಬ ತಾಯಿಯನ್ನೂ ನಾನು ಕಂಡಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಮಾತಿನದು. ನಮ್ಮ ದಡಾರಕ್ಕೆ ಮರಾಠಿಯವರು ಗೋವರ ಅನ್ನುತ್ತಾರೆ. ಪೋಸ್ಟರಿನಲ್ಲಿ ಮಾತ್ರ "ಮೀಸಲ್ಸ್ ರುಬೆಲ್ಲಾ" ಅಂತ ಇರುತ್ತೆ, ಬಾಯಲ್ಲಿ "ಎಂ.ಆರ್." ಆಗುತ್ತೆ. ದಡಾರ ಅಂದರೆ ಗಡಗಡ ನಡುಗುವ ತಾಯಿಗೆ, ಈ ಎಂ.ಆರ್. ಇರುವುದೇ ದಡಾರ ತಡೆಯಲು ಅಂತ ಯಾರೂ ಹೇಳಿರುವುದಿಲ್ಲ. ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದವರಿಗೆ ಮರಾಠಿ ಬಿಟ್ಟರೆ ಬೇರೆ ಬಾರದು. ವೈನಿ ಮೂರರಲ್ಲೂ ಹೇಗೋ ಹೇಳಿ ತಿಳಿಸುತ್ತಾರೆ. ಎಲ್ಲ ಊರಿಗೂ ಅಂಥವರು ಇರುವುದಿಲ್ಲ ಅಲ್ವಾ?

ಇನ್ನು ಜ್ವರ. ನನ್ನ ಮಟ್ಟಿಗೆ ಎಲ್ಲದರ ಬುಡ ಇರುವುದು ಇಲ್ಲೇ.

ಮಗುವಿಗೆ ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪೆಂಟಾ ಸೂಜಿ ಹಾಕುತ್ತಾರೆ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಕ್ಕೆ ಒಂದೇ ಸೂಜಿ. ಹಾಕಿದ ರಾತ್ರಿ ಎಷ್ಟೋ ಮಕ್ಕಳಿಗೆ ಜ್ವರ ಬರುತ್ತೆ, ತೊಡೆ ಬಾವು ಬರುತ್ತೆ, ಮಗು ರಾತ್ರಿಯೆಲ್ಲ ಅಳುತ್ತೆ. ಒಂದೆರಡು ದಿನದಲ್ಲಿ ತಾನೇ ಇಳಿಯುತ್ತೆ. ನಿಮ್ಮಂಥವರ ಮನೆಯಲ್ಲಿ ಅದು ಒಂದು ನಿದ್ದೆಗೆಟ್ಟ ರಾತ್ರಿ. ಕಬ್ಬು ಕಡಿಯುವವರ ಜೋಪಡಿಯಲ್ಲಿ ಲೆಕ್ಕವೇ ಬೇರೆ. ಆಚೆಯಿಂದ ಬಂದ ಗ್ಯಾಂಗುಗಳಲ್ಲಿ ಗಂಡ ಹೆಂಡತಿ ಸೇರಿ ಒಂದು "ಕೊಯ್ತಾ", ಅಂದರೆ ಇಬ್ಬರದೂ ಒಂದೇ ಕೂಲಿ ಲೆಕ್ಕ. ಒಬ್ಬರು ಮನೆಯಲ್ಲಿ ಉಳಿದರೆ ಇನ್ನೊಬ್ಬರ ಕೆಲಸವೂ ಕೆಡುತ್ತೆ. ಗ್ಯಾಂಗು ಕರೆತರುವ ಮುಕಾದಮನ ಹತ್ತಿರ ಹಂಗಾಮಿಗೆ ಮೊದಲೇ ಮುಂಗಡ ತೆಗೆದುಕೊಂಡಿರುತ್ತಾರೆ, ಅದು ಕಬ್ಬು ಕಡಿದೇ ತೀರಬೇಕು. ಕಳೆದ ಹಂಗಾಮಿನಲ್ಲಿ ಒಬ್ಬ ಹುಡುಗಿ, ಇಪ್ಪತ್ತೂ ಆಗಿರಲಿಕ್ಕಿಲ್ಲ, ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ವೈನಿಗೆ ಮರಾಠಿಯಲ್ಲಿ ಹೇಳಿದ್ದು ನಮ್ಮ ಮಾತಿನಲ್ಲಿ ಹೀಗೆ: "ಯಕ್ಕಾ, ಹ್ವಾದ ಸಲ ಸೂಜಿ ಮಾಡಿಸಿದ್ವಿ. ಎರಡ ದಿನಾ ಕೂಲಿ ಹೋತು. ಜ್ವರ ಬಂದಾಗ ನೀವ್ಯಾರೂ ಬರಲಿಲ್ಲಲ್ಲ?"

ವೈನಿ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ನನಗಂತೂ ತಲೆ ಎತ್ತಲು ಆಗಲಿಲ್ಲ. ನಮ್ಮಲ್ಲಿ ಲಸಿಕೆ ಹಾಕುವುದು ಗುರುವಾರ. ಜ್ವರ ಬರುವುದು ಅವತ್ತು ರಾತ್ರಿ, ಇಲ್ಲಾ ಶುಕ್ರವಾರ. ಸೂಜಿ ಹಾಕಿದವರು ಮತ್ತೆ ಕಾಣುವುದು ಮುಂದಿನ ತಿಂಗಳು. ಆ ಹುಡುಗಿ ಲಸಿಕೆ ಬೇಡ ಅಂದಿದ್ದಲ್ಲ. ತಾನೊಬ್ಬಳೇ ಆ ರಾತ್ರಿ ಕಳೆಯುವುದು ಬೇಡ ಅಂದಿದ್ದು.

ಹೆದರಿಕೆಗೆ ನಿಜವಾದ ಕಾರಣವೂ ಇದೆ, ಅದನ್ನು ಮುಚ್ಚಿಟ್ಟು ಮಾತಾಡುವುದು ನನಗೆ ಸರಿ ಅನ್ನಿಸುವುದಿಲ್ಲ. 2022ರ ಜನವರಿಯಲ್ಲಿ ನಮ್ಮದೇ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ ಎಂ.ಆರ್. ಲಸಿಕೆ ಹಾಕಿಸಿಕೊಂಡ ಮೂರು ಎಳೆ ಮಕ್ಕಳು ತೀರಿಕೊಂಡವು. ಲಸಿಕೆಯನ್ನು ಇಡಬೇಕಾದ ರೀತಿಯಲ್ಲಿ ಇಟ್ಟಿರಲಿಲ್ಲ ಎಂದು ಅಧಿಕಾರಿಗಳೇ ಹೇಳಿದರು, ಸಿಬ್ಬಂದಿ ಅಮಾನತಾದರು. ಆ ಸುದ್ದಿ ನಮ್ಮ ಕಡೆ ಪ್ರತಿ ಮನೆಗೂ ಮುಟ್ಟಿತು. ಅದನ್ನು ನೆನೆಸಿಕೊಂಡು "ಈ ಸಲ ಬ್ಯಾಡ್ರಿ" ಅನ್ನುವ ಅಜ್ಜಿಯನ್ನು ತಿಳಿವಳಿಕೆ ಇಲ್ಲದವಳು ಅಂತ ಹೇಗೆ ಅನ್ನಲಿ?

ಎಂ.ಆರ್. ಲಸಿಕೆ ಪುಡಿ ರೂಪದಲ್ಲಿ ಬರುತ್ತೆ. 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಜೊತೆಗೆ ಬರುವ ನೀರಿನಲ್ಲಿ ಕಲಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಮತ್ತೆ ಬಳಸುವಂತಿಲ್ಲ. ಅದರಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇರುವುದಿಲ್ಲ. ಹೊತ್ತು ಮೀರಿದರೆ ಕ್ರಿಮಿ ಬೆಳೆದು ಪ್ರಾಣಕ್ಕೇ ಕುತ್ತು ಬರಬಹುದು. ಅದಕ್ಕೇ ಕಲಸಿದ ಹೊತ್ತನ್ನು ಬಾಟಲಿಯ ಮೇಲೆ ಬರೆಯಬೇಕು ಅನ್ನುವ ನಿಯಮ ಇರುವುದು. ಬಾಟಲಿ ನೋಡಿ, ಹೊತ್ತು ಕೇಳಿ, ಸೂಜಿ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ ಅಂತ ವೈನಿ ಈಗ ಎಲ್ಲರಿಗೂ ಹೇಳುತ್ತಾರೆ. ಇಷ್ಟೆಲ್ಲ ಹೇಳಿದರೆ ಜನ ಇನ್ನೂ ಹೆದರುತ್ತಾರೆ ಅನ್ನುವವರೂ ಇದ್ದಾರೆ. ನಾನು ಕಂಡದ್ದು ಬೇರೆ. ಬಾಟಲಿಯನ್ನು ಕೈಗೆ ಕೊಟ್ಟು ತೋರಿಸಿದ ಮನೆಯವರು ಮುಂದಿನ ಸಲ ಕರೆಯದೆಯೇ ಬಂದಿದ್ದಾರೆ.

ವಾಟ್ಸ್‌ಆ್ಯಪ್ ಸುದ್ದಿಯದು ಇನ್ನೊಂದು ಕಥೆ. 2017ರಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದ ಎಲ್ಲ ಮಕ್ಕಳಿಗೂ ಎಂ.ಆರ್. ಲಸಿಕೆ ಹಾಕಿದರು. ಆಗ ಹಬ್ಬಿದ ಸುಳ್ಳು, ಇದನ್ನು ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಅಂತ. ಆ ಮಾತು ಯಾಕೆ ಅಷ್ಟು ಬೇಗ ನಾಟಿತು? ತುರ್ತು ಪರಿಸ್ಥಿತಿಯಲ್ಲಿ, 1975ರಿಂದ 77ರವರೆಗೆ, ದೇಶದಲ್ಲಿ ಒತ್ತಾಯದ ಸಂತಾನಹರಣ ಆಪರೇಷನ್ ನಡೆದದ್ದು ಹಿರಿಯರ ಮನಸ್ಸಿನಿಂದ ಹೋಗಿಲ್ಲ. ಸರಕಾರದವರು ಬ್ಯಾಗು ಹಿಡಿದು ಓಣಿಗೆ ಬಂದರು ಅಂದರೆ ಅವರಿಗೆ ಅದೇ ನೆನಪು. 2020ರಲ್ಲಿ ಕರೋನಾ ಹಬ್ಬಿದ್ದೇ ನಿಮ್ಮಿಂದ ಅಂತ ಮುಸ್ಲಿಮರ ಕಡೆ ಬೆರಳು ಮಾಡಿದರು. ಮರುವರ್ಷ ಅದೇ ಓಣಿಗಳಿಗೆ ಹೋಗಿ ಕರೋನಾ ಲಸಿಕೆ ಹಾಕಿಸಿಕೊಳ್ಳಿ ಅಂದರು. ಬಾಗಿಲು ತಟ್ಟನೆ ತೆಗೆಯಲಿಲ್ಲ ಅಂತ ಅವರನ್ನೇ ಬೈಯುವುದು ನನಗೆ ಬಹಳ ನೋವು ಕೊಡುತ್ತೆ. ಮಸೀದಿಯ ಹಿರಿಯರು ತಾವೇ ಮೊದಲು ತೋಳು ಕೊಟ್ಟ ದಿನ ಉಳಿದವರೂ ಬಂದರು.

ಗಡಿಯದೇ ಒಂದು ತಾಪತ್ರಯ ಇದೆ, ಅದು ನಿಮಗೆ ಕಂಡಿರಲಿಕ್ಕಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ. ತವರು ಜತ್ತ ತಾಲೂಕಿನಲ್ಲೋ ಮಿರಜ ಕಡೆಯೋ ಇರುತ್ತೆ. ಜತ್ತ ಇರುವುದು ಮಹಾರಾಷ್ಟ್ರದಲ್ಲಿ, ಆದರೆ ಅಲ್ಲಿ ಎಷ್ಟೋ ಊರುಗಳಲ್ಲಿ ಕನ್ನಡವೇ ಮನೆಮಾತು. ಕ್ಷಯ ತಡೆಯುವ ಬಿಸಿಜಿ, ಮೊದಲ ಪೆಂಟಾ ಅಲ್ಲೇ ಆಗುತ್ತೆ, ಕಾರ್ಡು ಮರಾಠಿಯಲ್ಲಿ. ಐದು ತಿಂಗಳಿಗೆ ಮಗಳು ಗಂಡನ ಮನೆಗೆ ಬರುತ್ತಾಳೆ. ಇಲ್ಲಿನ ಪಟ್ಟಿಯಲ್ಲಿ ಆ ಮಗುವಿನ ಹೆಸರಿಲ್ಲ, ಕರ್ನಾಟಕದ "ತಾಯಿ ಕಾರ್ಡು" ತೆಗೆಸಿಲ್ಲ. ಯಾವುದು ಆಗಿದೆ, ಯಾವುದು ಉಳಿದಿದೆ ಅಂತ ತಾಯಿಗೂ ಗೊತ್ತಿರುವುದಿಲ್ಲ. ನಾಲ್ಕು ಜನರ ಮುಂದೆ ಯಾಕೆ ತಡ ಮಾಡಿದೆ ಅಂತ ಕೇಳಿಸಿಕೊಂಡವಳು ಮತ್ತೆ ಆ ಕಡೆ ಹೋಗುವುದಿಲ್ಲ. ಲೆಕ್ಕದಲ್ಲಿ ಅವಳದೂ "ಬೇಡ" ಅಂದವರ ಮನೆ. ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಗೋವಾ, ಕೊಲ್ಹಾಪುರದ ಕಡೆ ಗುಳೆ ಹೋಗುವವರದೂ ಇದೇ ಪಾಡು.

ಪೋಲಿಯೊಗೆ ಇಷ್ಟು ಕಷ್ಟ ಇರಲಿಲ್ಲ ಅಂತ ನೀವು ಕೇಳಬಹುದು. ನಿಜ. ಎರಡು ಹನಿ, ಚುಚ್ಚುವುದಿಲ್ಲ, ಜ್ವರ ಇಲ್ಲ, ಭಾನುವಾರ ಬಸ್ ಸ್ಟ್ಯಾಂಡಿನಲ್ಲೂ ಹಾಕುತ್ತಾರೆ, ಕಿರುಬೆರಳಿಗೆ ಮಸಿ ಹಚ್ಚುತ್ತಾರೆ. ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ದೇಶದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. ಆದರೂ ಹದಿನೈದು ವರ್ಷ ಮತ್ತೆ ಮತ್ತೆ ಅದೇ ಮನೆಗಳಿಗೆ ಹೋಗಬೇಕಾಯಿತು. ದಡಾರ ಅದಕ್ಕಿಂತ ಜೋರಾಗಿ ಹಬ್ಬುವ ರೋಗ. ನೂರರಲ್ಲಿ 95 ಮಕ್ಕಳಿಗೆ ಎರಡೂ ಡೋಸ್ ಆಗದಿದ್ದರೆ ಅದು ನಿಲ್ಲುವುದಿಲ್ಲ. ಹಾಗಾಗಿ ಬಿಟ್ಟುಹೋದ ಐದಾರು ಜೋಪಡಿಗಳು ನಮಗೆ ಸಣ್ಣ ಲೆಕ್ಕ ಅಲ್ಲ.

ಆ ಹುಡುಗಿಯ ಮಾತು ಕೇಳಿದ ಮೇಲೆ ವೈನಿ ಶುಕ್ರವಾರವೂ ಹೊರಡುತ್ತಾರೆ. ಅದಕ್ಕೆ ಯಾರೂ ಹೆಚ್ಚಿಗೆ ದುಡ್ಡು ಕೊಡುವುದಿಲ್ಲ. ಗ್ಯಾಂಗಿನವರು ನಸುಕಿನಲ್ಲೇ ಗದ್ದೆಗೆ ಹೋಗುತ್ತಾರೆ, ಅದಕ್ಕೇ ನಾವು ಐದಕ್ಕೆಲ್ಲ ಬೈಕು ಹತ್ತುತ್ತೇವೆ. ಮಗುವಿನ ಹಣೆ ಮುಟ್ಟಿ ನೋಡುತ್ತಾರೆ, ಜ್ವರದ ಔಷಧಿ ಎಷ್ಟು ಹನಿ ಅಂತ ಹೇಳುತ್ತಾರೆ, ಎದೆಹಾಲು ನಿಲ್ಲಿಸಬೇಡ ಅನ್ನುತ್ತಾರೆ, ಬಾವಿನ ಮೇಲೆ ತಣ್ಣೀರಿನ ಬಟ್ಟೆ ಇಡುವುದನ್ನು ತೋರಿಸುತ್ತಾರೆ. ಜ್ವರ ಜಾಸ್ತಿ ಇದ್ದರೆ ಅಲ್ಲಿಂದಲೇ ದವಾಖಾನೆಗೆ ಹೋಗುತ್ತೇವೆ. ಆ ಹುಡುಗಿ ಮುಂದಿನ ಡೋಸ್ ಹಾಕಿಸಿದಳು. ಪಕ್ಕದ ಜೋಪಡಿಯವಳನ್ನೂ ಕೈ ಹಿಡಿದು ಕರೆದುಕೊಂಡು ಬಂದಳು.

ಮತ್ತೆ ಬರುತ್ತೇನೆ ಅಂದಿದ್ದಿರಿ. ಗುರುವಾರದ ಶಿಬಿರ ನೋಡಿ ಅವತ್ತೇ ಬಸ್ ಹತ್ತಬೇಡಿ. ರಾತ್ರಿ ನಮ್ಮ ಮನೆಯಲ್ಲೇ ಉಳಿಯಿರಿ, ಶುಕ್ರವಾರ ಬೆಳಿಗ್ಗೆ ನಮ್ಮ ಜೊತೆ ಜೋಪಡಿಗಳಿಗೆ ಬನ್ನಿ.