ಕುಂಬಳಕಾಯಿ ಬೀಜ: ದಿನಕ್ಕೆ ಎಷ್ಟು ತಿಂದರೆ ಹಿತ?

ಪ್ರಶ್ನೆ: ನನಗೆ 54 ವರ್ಷ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕುಂಬಳಕಾಯಿ ಬೀಜ ಹೃದಯಕ್ಕೂ ಪ್ರಾಸ್ಟೇಟ್ ಗ್ರಂಥಿಗೂ ಒಳ್ಳೆಯದೆಂದು ಕೇಳಿ, ಕೆಲವು ತಿಂಗಳಿಂದ ಸಂಜೆ ಟಿ.ವಿ. ನೋಡುತ್ತಾ, ಉಪ್ಪು ಹಾಕಿ ಹುರಿದ ಬೀಜಗಳನ್ನು ಸಿಪ್ಪೆಸಹಿತ ಬಟ್ಟಲು ತುಂಬ ತಿನ್ನುತ್ತಿದ್ದೇನೆ. ಈಗ ಹೊಟ್ಟೆಯುಬ್ಬರ, ಮಲಬದ್ಧತೆ ಶುರುವಾಗಿದೆ, ತೂಕವೂ ಏರಿದೆ. ಬೀಜ ತಿನ್ನುವುದನ್ನು ನಿಲ್ಲಿಸಬೇಕೆ?

ಉತ್ತರ: ಪೂರ್ತಿ ನಿಲ್ಲಿಸಬೇಕಾಗಿಲ್ಲ, ಆದರೆ ಬಟ್ಟಲನ್ನು ಪಕ್ಕಕ್ಕಿಟ್ಟು ಚಮಚ ಹಿಡಿಯಬೇಕು. ಸಿಪ್ಪೆ ತೆಗೆದ ತಿರುಳು ದಿನಕ್ಕೆ 30 ಗ್ರಾಂ, ಎಂದರೆ ಎರಡು ಮೂರು ದೊಡ್ಡ ಚಮಚದಷ್ಟು, ಆರೋಗ್ಯವಂತ ವಯಸ್ಕರಿಗೆ ಸಾಕು. ಅಷ್ಟರಲ್ಲೇ ಎಂಟು ಗ್ರಾಂಗೂ ಮಿಕ್ಕಿ ಪ್ರೊಟೀನ್, ಸುಮಾರು 150 ಮಿಲಿಗ್ರಾಂ ಮೆಗ್ನೀಸಿಯಂ ಹಾಗೂ ಎರಡು ಮಿಲಿಗ್ರಾಂನಷ್ಟು ಸತು ದೊರೆಯುತ್ತವೆ. ತಿರುಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೊಬ್ಬೇ ಇರುವುದರಿಂದ, ಅದು ಬಹುಪಾಲು ಒಳ್ಳೆಯ ಜಾತಿಯ ಕೊಬ್ಬೇ ಆದರೂ, 100 ಗ್ರಾಂ ತಿಂದರೆ 550 ಕ್ಯಾಲೊರಿ ದಾಟುತ್ತದೆ. ಊಟದ ಮೇಲೆ ಇನ್ನೊಂದು ಊಟ ಮಾಡಿದ ಲೆಕ್ಕ. ನಿಮ್ಮ ತೂಕ ಏರಲು ಇದೂ ಕಾರಣವಾಗಿರಬಹುದು. ಆದ್ದರಿಂದ ಬೀಜವನ್ನು ಬೇರೆ ಕುರುಕಲಿನ ಬದಲಿಗೆ ತಿನ್ನಿ, ಅದರ ಜೊತೆಗಲ್ಲ.

ಹೊಟ್ಟೆಯ ತೊಂದರೆಗೆ ನನ್ನ ಮೊದಲ ಅನುಮಾನ ಸಿಪ್ಪೆಯ ಮೇಲೆ. ಅದರ ಒರಟು ನಾರು ಜೀರ್ಣವಾಗುವುದಿಲ್ಲ. ಸರಿಯಾಗಿ ಅಗಿಯದೆ, ನೀರನ್ನೂ ಕಡಿಮೆ ಕುಡಿದು ಬಹಳಷ್ಟು ನುಂಗಿದರೆ ಅದು ಕರುಳಿನಲ್ಲಿ ಗಂಟುಕಟ್ಟಿಕೊಂಡು ಮಲ ಹೊರಹೋಗುವುದಕ್ಕೇ ಅಡ್ಡಿಯಾಗಬಹುದು. ಸದ್ಯಕ್ಕೆ ಸಿಪ್ಪೆ ಬಿಟ್ಟು ತಿರುಳನ್ನಷ್ಟೇ ನಿಧಾನವಾಗಿ ಅಗಿದು ತಿನ್ನಿ. ಆಮೇಲೂ ಮಲಬದ್ಧತೆ ಹೋಗದಿದ್ದರೆ, ಅಥವಾ ಹೊಟ್ಟೆನೋವು, ವಾಂತಿ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಉಪ್ಪಿನ ವಿಷಯದಲ್ಲಿ ಮಾತ್ರ ನಾನು ಸಡಿಲ ಬಿಡಲಾರೆ. ಇಡೀ ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳಗ್ಗೆ ರಕ್ತದೊತ್ತಡದ ಮಾತ್ರೆ ನುಂಗಿ ಸಂಜೆ ಉಪ್ಪು ಮೆತ್ತಿದ ಬೀಜ ತಿಂದರೆ ಮಾತ್ರೆಯ ಕೆಲಸವೇ ಕಷ್ಟವಾಗುತ್ತದೆ. ಹಸಿ ತಿರುಳನ್ನು ತಂದು, ಉಪ್ಪಿಲ್ಲದೆ, ಸಣ್ಣ ಉರಿಯಲ್ಲಿ ಚಟಪಟ ಸದ್ದಾಗುವವರೆಗೆ ಹುರಿದುಕೊಳ್ಳಿ.

ಪ್ರಾಸ್ಟೇಟ್ ಬಗ್ಗೆ ನೀವು ಕೇಳಿದ್ದು ಪೂರ್ತಿ ಸುಳ್ಳಲ್ಲ. ಗ್ರಂಥಿ ದಪ್ಪವಾದಾಗ ಕಾಡುವ ಮೂತ್ರದ ತೊಂದರೆಗಳು ಬೀಜದ ಸೇವನೆಯಿಂದ ಕೆಲವರಲ್ಲಿ ಸ್ವಲ್ಪ ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿದೆ. ಹಾಗೆಂದು ಅದು ಚಿಕಿತ್ಸೆಯಲ್ಲ. ಮೂತ್ರದ ಧಾರೆ ಸಣ್ಣದಾಗಿದ್ದರೆ, ರಾತ್ರಿ ಪದೇ ಪದೇ ಏಳಬೇಕಾಗುತ್ತಿದ್ದರೆ ಪರೀಕ್ಷೆ ಮಾಡಿಸಿಕೊಳ್ಳಿ.

ಮೂತ್ರಪಿಂಡದ ಕಾಯಿಲೆಯಿದ್ದವರು, ಬೀಜದಲ್ಲಿ ರಂಜಕ ಹೆಚ್ಚಿರುವುದರಿಂದ, ವೈದ್ಯರನ್ನು ಕೇಳದೆ ತಿನ್ನಬಾರದು. ಪುಟ್ಟ ಮಕ್ಕಳಿಗೆ ಇಡಿಯಾಗಿ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ, ಪುಡಿಮಾಡಿ ಕೊಡಬಹುದು. ತಿರುಳಿನ ಎಣ್ಣೆ ಗಾಳಿ, ಬಿಸಿಲು ತಗುಲಿದರೆ ಬೇಗ ಕೆಡುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ, ಕಮಟು ವಾಸನೆ ಬಂದದ್ದನ್ನೂ ಕಹಿಯಾದದ್ದನ್ನೂ ಎಸೆದುಬಿಡಿ.