ಕಾರ್ಪೊರೇಟ್ ಕೆಲಸ ಬಿಟ್ಟು ಊರಲ್ಲಿ ಇನ್ಶೂರೆನ್ಸ್ ಏಜೆನ್ಸಿ ಮಾಡಿದರೆ ಮನೆ ನಡೆಯುತ್ತಾ?

ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟು ಊರಲ್ಲಿ ಸ್ವತಂತ್ರವಾಗಿ ಇನ್ಶೂರೆನ್ಸ್ ಏಜೆನ್ಸಿ ಶುರು ಮಾಡಬೇಕು ಅಂತಿದ್ದೀರಿ, ಈಗಿನ ಸಂಬಳದಷ್ಟು ದುಡಿಯೋಕೆ ಎಷ್ಟು ವರ್ಷ ಬೇಕು ಅಂತ ಕೇಳಿದ್ದೀರಿ. ನಾನು ಅದನ್ನೇ ಮಾಡಿದವನು. 2022ರ ಕೊನೆಯಲ್ಲಿ ಐಟಿ ಕಂಪನಿ ಬಿಟ್ಟು ಸಾಗರಕ್ಕೆ ಬಂದೆ. ಆಗ ತಿಂಗಳಿಗೆ 95 ಸಾವಿರ ಕೈಗೆ ಬರುತ್ತಿತ್ತು. ಅಷ್ಟು ಇವತ್ತಿಗೂ ಆಗಿಲ್ಲ. ಮನೆ ನಡೀತಿದೆ, ಸಾಲ ಇಲ್ಲ.

ಮೊದಲು ಆ 'ಸ್ವತಂತ್ರ' ಅನ್ನೋ ಮಾತು. ಏಜೆಂಟ್ ಆದರೆ ಜೀವ ವಿಮೆಗೆ ಒಂದು ಕಂಪನಿ, ಸಾಮಾನ್ಯ ವಿಮೆಗೆ ಒಂದು, ಆರೋಗ್ಯ ವಿಮೆಗೆ ಒಂದು. ಎರಡು ಜೀವ ವಿಮಾ ಕಂಪನಿಗಳ ಪಾಲಿಸಿ ಎದುರಿಗಿಟ್ಟು 'ನಿಮಗೆ ಇದು ಒಳ್ಳೇದು' ಅಂತ ಮಾರೋ ಹಾಗಿಲ್ಲ. ಹಾಗೆ ಮಾಡಬೇಕಾದರೆ ಬ್ರೋಕರ್ ಆಗಬೇಕು, ಅದಕ್ಕೆ 75 ಲಕ್ಷ ಬಂಡವಾಳ ಬೇಕು. ಇವೆರಡರ ನಡುವೆ ಇನ್ಶೂರೆನ್ಸ್ ಮಾರ್ಕೆಟಿಂಗ್ ಫರ್ಮ್ ಅಂತ ಒಂದಿದೆ. 10 ಲಕ್ಷ ನೆಟ್‌ವರ್ತ್ ತೋರಿಸಿದರೆ ಒಂದೊಂದು ಬಗೆಯಲ್ಲಿ ಆರು ಕಂಪನಿ ತನಕ ಇಟ್ಟುಕೊಳ್ಳಬಹುದು. ನನ್ನ ಹತ್ತಿರ ಅಷ್ಟು ಇರಲಿಲ್ಲ, ಏಜೆಂಟ್ ಆದೆ. ಪರೀಕ್ಷೆ ಬಗ್ಗೆ ತಲೆ ಕೆಡಿಸ್ಕೋಬೇಡಿ. ಐಸಿ-38 ಅಂತ ಹೆಸರು, 50 ಪ್ರಶ್ನೆ, ಶೇ. 35 ಬಂದರೆ ಪಾಸು, ಕನ್ನಡದಲ್ಲೂ ಬರೆಯಬಹುದು.

ಈಗ ದುಡ್ಡಿನ ವಿಷಯ. ಮೊದಲ ವರ್ಷ ನನಗೆ ಸಿಕ್ಕಿದ್ದು ಒಟ್ಟು 1 ಲಕ್ಷ 90 ಸಾವಿರ. ಅದರಲ್ಲಿ ಪೆಟ್ರೋಲಿಗೇ 60 ಸಾವಿರ ಹೋಯ್ತು. ಅಂಗಡಿ ಬಾಗಿಲಿಗೆ ಜನ ಬರಲಿ ಅಂತ ಬೈಕ್ ಇನ್ಶೂರೆನ್ಸ್ ಮಾಡಿಕೊಡ್ತಿದ್ದೆ. 75ರಿಂದ 150 ಸಿಸಿ ತನಕದ ಬೈಕಿಗೆ ಆಗ ಥರ್ಡ್ ಪಾರ್ಟಿ ಪ್ರೀಮಿಯಂ 714 ರೂಪಾಯಿ, ಕಮಿಷನ್ ಶೇ. 2.5. ಲೆಕ್ಕ ಹಾಕಿ, 18 ರೂಪಾಯಿನೂ ಇಲ್ಲ. ಜೊತೆಗೆ ಕೂತು ಒಂದು ಟೀ ಕುಡಿದರೆ ಅದೂ ಹೋಯ್ತು. ನೆಂಟರು, ಕ್ಲಾಸ್‌ಮೇಟ್‌ಗಳು ಎಲ್ಲ ಸೇರಿ ಏಳೆಂಟು ತಿಂಗಳಿಗೆ ಮುಗೀತಾರೆ. ಆಮೇಲೆ ಮದುವೆ ಮನೆಯಲ್ಲಿ ನಿಮ್ಮನ್ನು ಕಂಡ ತಕ್ಷಣ ಫೋನ್ ಬಂದವರ ಹಾಗೆ ಎದ್ದು ಹೋಗ್ತಾರೆ. 'ಇಷ್ಟು ಓದಿ ಎಲ್ಲೈಸಿ ಏಜೆಂಟ್ ಆದ್ಯಾ?' ಅಂತ ನಮ್ಮ ದೊಡ್ಡಮ್ಮ ಪಂಕ್ತಿಯಲ್ಲೇ ಕೇಳಿದ್ದರು. (ನಾನು ಎಲ್‌ಐಸಿ ಏಜೆಂಟ್ ಅಲ್ಲ. ನಮ್ಮ ಕಡೆ ವಿಮೆ ಅಂದರೆ ಎಲ್ಲೈಸಿನೇ.)

ಕಮಿಷನ್‌ನಲ್ಲಿ ಪಾಲು ಕೇಳೋರು ಇನ್ನೊಂದು ಬಗೆ. 'ಮೊದಲನೇ ಕಂತು ನೀವೇ ಕಟ್ಟಿ' ಅಂತಾರೆ. ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಅದು ಅಪರಾಧ, 10 ಲಕ್ಷದ ತನಕ ದಂಡ ಇದೆ. ಕೊಡೋ ಏಜೆಂಟರು ಊರಲ್ಲಿ ಇದ್ದೇ ಇರ್ತಾರೆ. ನಾನು ಕೊಡಲಿಲ್ಲ, ಕೆಲವು ಪಾಲಿಸಿ ಕೈತಪ್ಪಿದವು. ಹಾಗೆ ಹೋದವರಲ್ಲಿ ಎರಡನೇ ಕಂತು ಕಟ್ಟಿದವರು ಕಮ್ಮಿ ಅಂತ ಆಮೇಲೆ ಗೊತ್ತಾಯ್ತು.

ಹೊಟ್ಟೆ ತುಂಬಿಸೋದು ಹೊಸ ಪಾಲಿಸಿ ಅಲ್ಲ, ರಿನ್ಯೂವಲ್. 20 ಸಾವಿರ ಪ್ರೀಮಿಯಂನ ಆರೋಗ್ಯ ವಿಮೆಗೆ ಶೇ. 15ರಂತೆ 3 ಸಾವಿರ ಸಿಗುತ್ತಿತ್ತು. ಆ ಮನೆಯವರು ಉಳಿದರೆ ಮುಂದಿನ ವರ್ಷವೂ ಸಿಗುತ್ತೆ. ಇದು ನನಗೆ ತಡವಾಗಿ ತಿಳೀತು. ಸಂಬಳದ ಬುದ್ಧಿಯಲ್ಲಿ ಎಲ್ಲರಿಗೂ ಜೀವ ವಿಮೆಯ ತಿಂಗಳ ಕಂತು ಹಾಕಿಸಿ ಬ್ಯಾಂಕಿಂದ ಆಟೋ ಡೆಬಿಟ್ ಮಾಡಿಸಿದ್ದೆ. ಇಲ್ಲಿ ಅಡಿಕೆ ಬೆಳೆಯೋರು. ಕೊಯ್ಲು ಮುಗಿದು, ಬೇಯಿಸಿ ಒಣಗಿಸಿ, ಮಂಡಿಗೆ ಹೋದ ಮೇಲೇ ಕೈಯಲ್ಲಿ ಕಾಸು. ಮಳೆಗಾಲದಲ್ಲಿ ಖಾತೆಯಲ್ಲಿ ಏನಿರುತ್ತೆ? ತಿಂಗಳ ಕಂತಿಗೆ ಗ್ರೇಸ್, ಅಂದರೆ ತಡವಾಗಿ ಕಟ್ಟೋಕೆ ಕೊಡೋ ಅವಕಾಶ, ಬರೀ 15 ದಿನ. ಆಗಸ್ಟ್ ಒಂದರಲ್ಲೇ ಹನ್ನೊಂದು ಪಾಲಿಸಿ ಲ್ಯಾಪ್ಸ್ ಆದವು. ಮನೆಮನೆಗೆ ಹೋಗಿ ರಿವೈವ್ ಮಾಡಿಸಿ, ಎಲ್ಲವನ್ನೂ ವರ್ಷಕ್ಕೊಂದೇ ಕಂತಿಗೆ ಬದಲಾಯಿಸಿದೆ. ಹೊಸ ಪಾಲಿಸಿಗಳನ್ನು ಅಡಿಕೆ ದುಡ್ಡು ಬರೋ ಹೊತ್ತಿಗೇ ಶುರು ಮಾಡಿಸ್ತೀನಿ.

ಇನ್ನೊಂದು ಪಾಠ ಇದಕ್ಕಿಂತ ತುಟ್ಟಿ. ಹೊಸನಗರ ಕಡೆಯ ಒಬ್ಬರಿಗೆ 3 ಲಕ್ಷದ ಆರೋಗ್ಯ ವಿಮೆ ಮಾಡಿಸಿದ್ದೆ. ಅದರಲ್ಲಿ ರೂಮ್ ಬಾಡಿಗೆ ಮಿತಿ ವಿಮಾ ಮೊತ್ತದ ಶೇ. 1, ಅಂದರೆ ದಿನಕ್ಕೆ 3 ಸಾವಿರ. ಪಿತ್ತಕೋಶದ ಆಪರೇಷನ್‌ಗೆ ಮಂಗಳೂರಿಗೆ ಹೋದವರು 6 ಸಾವಿರದ ರೂಮ್ ತಗೊಂಡಿದ್ದರು. ಡಿಸ್ಚಾರ್ಜ್ ದಿನ ನೋಡಿದರೆ, ರೂಮ್ ಮಿತಿಯ ಎರಡರಷ್ಟು ಅಂತ ಅದೇ ಲೆಕ್ಕದಲ್ಲಿ ಬರೀ ರೂಮ್ ಬಾಡಿಗೆಯಲ್ಲ, ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಎಲ್ಲದರಲ್ಲೂ ಅರ್ಧ ಕಡಿತ. ಔಷಧಿ, ಟೆಸ್ಟುಗಳ ದುಡ್ಡು ಮಾತ್ರ ಪೂರ್ತಿ ಬಂತು. ಕೈಯಿಂದ ಕಟ್ಟಿದ್ದು 55 ಸಾವಿರ. ಪಾಲಿಸಿಯಲ್ಲಿ ಬರೆದಿತ್ತು, ಪಿಡಿಎಫ್ ನಾನೇ ಕಳಿಸಿದ್ದೆ. ಬಾಯಲ್ಲಿ ಹೇಳಿರಲಿಲ್ಲ. 'ಮೊದ್ಲೇ ಹೇಳಿದ್ರೆ ಸಣ್ಣ ರೂಮೇ ತಗೋತಿದ್ವಲ್ಲ ಮಾರಾಯ್ರೇ' ಅಂದರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು. ಅವರು, ಅವರ ತಮ್ಮ, ಭಾವ, ಮೂರೂ ಮನೆ ಆ ವರ್ಷ ರಿನ್ಯೂ ಮಾಡಲಿಲ್ಲ. ಈಗ ಪಾಲಿಸಿ ಫೈಲಿನ ಮೇಲೆ ರೂಮ್ ಮಿತಿ ಎಷ್ಟು ಅಂತ ಸ್ಕೆಚ್ ಪೆನ್ನಲ್ಲಿ ದೊಡ್ಡದಾಗಿ ಬರೆದು ಕೊಡ್ತೀನಿ. ಯಾರಾದರೂ ಅಡ್ಮಿಟ್ ಆದರೆ ರೂಮ್ ಹಿಡಿಯೋ ಮೊದಲು ನನಗೆ ಫೋನ್ ಬರುತ್ತೆ, ರಾತ್ರಿ ಎರಡು ಗಂಟೆಗೂ.

ಮೂರನೇ ವರ್ಷಕ್ಕೆ ಸರಾಸರಿ ತಿಂಗಳಿಗೆ 48 ಸಾವಿರ ಆಯ್ತು, ಅರ್ಧಕ್ಕಿಂತ ಹೆಚ್ಚು ರಿನ್ಯೂವಲ್‌ನಿಂದ. ಇದೂ ಕಲ್ಲಿನ ಮೇಲೆ ಬರೆದದ್ದಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಗೆ ಇದ್ದ ಶೇ. 18 ಜಿಎಸ್‌ಟಿ ಸೊನ್ನೆಯಾಯ್ತು. ಗ್ರಾಹಕರಿಗೆ ಹಬ್ಬ. ಆದರೆ ಕಂಪನಿಗಳು ತಮ್ಮ ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಲೆಕ್ಕದಲ್ಲಿ ವಾಪಸ್ ಪಡೆಯೋ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತಪ್ಪಿತು, ಆ ಹೊರೆಯನ್ನು ನನ್ನ ಕಂಪನಿ ಏಜೆಂಟರ ಕಮಿಷನ್‌ಗೆ ತಗುಲಿಸಿತು.

ಹಾಗಾಗಿ ಎರಡು ವರ್ಷದ ಮನೆ ಖರ್ಚು ಬ್ಯಾಂಕಿನಲ್ಲಿ ಇಲ್ಲದೆ, ಅಥವಾ ಮನೆಯಲ್ಲಿ ಇನ್ನೊಂದು ಸಂಬಳ ಇಲ್ಲದೆ ಬಿಡಬೇಡಿ. ನನ್ನ ಹೆಂಡತಿ ಟೀಚರ್, ಅದಕ್ಕೇ ಬಚಾವಾದೆ. ಕೆಲಸದಲ್ಲಿದ್ದುಕೊಂಡೇ ಹೆಂಡತಿ ಹೆಸರಲ್ಲಿ ಏಜೆನ್ಸಿ ಮಾಡಿಸಿ ಅಂತ ಯಾರಾದರೂ ಹೇಳ್ತಾರೆ. ಅವರೇ ಓದಿ, ಅವರೇ ಓಡಾಡೋದಾದರೆ ಸರಿ, ಬರೀ ಸಹಿಗೆ ಬೇಡ.

ನಿಮ್ಮ ಊರು ಯಾವುದು ಅಂತ ಬರೆದಿಲ್ಲ. ಅಲ್ಲಿ ಜನರ ಕೈಗೆ ದುಡ್ಡು ಯಾವ ತಿಂಗಳು ಬರುತ್ತೆ, ಹತ್ತಿರದ ದೊಡ್ಡ ಆಸ್ಪತ್ರೆ ಎಷ್ಟು ದೂರ ಅಂತ ತಿಳಿಸಿ. ಜೀವ ವಿಮೆಯಿಂದ ಶುರು ಮಾಡೋದಾ, ಆರೋಗ್ಯ ವಿಮೆಯಿಂದಲಾ ಅಂತ ಆಮೇಲೆ ಹೇಳ್ತೀನಿ.