ಹೊರಡುವ ಮುಂಚಿನ ಆರು ವಾರ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಹೆಸರು, ವಯಸ್ಸು, ಮನೆತನದ ವಿವರಗಳನ್ನು ಬದಲಿಸಲಾಗಿದೆ. ಮಾತುಕತೆಗಳು ಮೈಸೂರಿನಿಂದ ವಿಡಿಯೊ ಕರೆಯಲ್ಲಿ ನಡೆದವು.

ಇಲ್ಲಿ ಸುಮಾ ಎಂದು ಕರೆದಿರುವವರಿಗೆ 39 ವರ್ಷ. ತವರು ಮಂಡ್ಯ, ಅತ್ತೆಮನೆ ಮೈಸೂರಿನ ಸರಸ್ವತಿಪುರಂ. ಗಂಡನ ಕೆಲಸದ ಸಲುವಾಗಿ ದಕ್ಷಿಣ ಜರ್ಮನಿಗೆ ಹೋಗಿ ಎಂಟು ವರ್ಷವಾಗಿತ್ತು, ಮಗನಿಗೆ ಹತ್ತು. ಮಾವನವರ ಆರೋಗ್ಯ, ಮಗನ ಓದು ಎರಡನ್ನೂ ಯೋಚಿಸಿ ಏಪ್ರಿಲ್ ಕೊನೆಗೆ ಊರಿಗೆ ಮರಳುವುದೆಂದು ಗಂಡ ಹೆಂಡತಿ ಕೂಡಿಯೇ ತೀರ್ಮಾನಿಸಿದ್ದರು. ಸುಮಾ ಮೊದಲ ಸಲ ಮಾತಾಡಿದ್ದು ಮಾರ್ಚ್ ನಡುವಿನಲ್ಲಿ.

ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಮಗ ಏನು ಕೇಳಿದರೂ ಸಿಡುಕು. ಫ್ರಿಜ್ ಬಾಗಿಲಿಗೆ ‘ಇನ್ನೂ ನೋಡದ ಜಾಗಗಳು’ ಎಂಬ ಪಟ್ಟಿ ಅಂಟಿಸಿದ್ದರು, ಅದರಲ್ಲಿ 27 ಹೆಸರು. ಶನಿವಾರ, ಭಾನುವಾರ ರೈಲು ಹತ್ತಿ ಸುತ್ತಿ ಬಂದರೂ ಮನಸ್ಸಿಗೆ ಏನೂ ಹತ್ತುತ್ತಿರಲಿಲ್ಲ. ಮಂಡ್ಯದಿಂದ ತಾಯಿ ದಿನವೂ ಫೋನ್ ಮಾಡಿ "ಇನ್ನೆಷ್ಟು ದಿನ ಕಣವ್ವ, ಬೇಗ ಬಂದ್ಬುಡು" ಅನ್ನುತ್ತಿದ್ದರು. ಅಷ್ಟು ಸಂತೋಷದಲ್ಲಿರುವವರ ಮುಂದೆ ಬೇಸರ ಹೇಳಿಕೊಳ್ಳುವುದು ಹೇಗೆ? "ಸ್ವಂತ ಊರಿಗೆ ಹೋಗೋಕೆ ಅಳೋರು ಇದಾರಾ ಮೇಡಂ?" ಎಂದು ಕೇಳಿದರು. ಇದ್ದಾರೆ, ಬಹಳ ಜನ ಇದ್ದಾರೆ. ಹೋಗುವಾಗ ಎಲ್ಲರೂ ಸಮಾಧಾನ ಹೇಳಿ ಕಳಿಸುತ್ತಾರೆ. ಬರುವಾಗ ಎಲ್ಲರೂ ಖುಷಿಪಡುವುದರಿಂದ ಆ ದುಃಖವನ್ನು ಕೇಳುವವರೇ ಇರುವುದಿಲ್ಲ.

ಮೊದಲು ನೋಡಬೇಕಿದ್ದದ್ದು, ಇದು ಅಗಲಿಕೆಯ ಬೇಸರವೋ ತೀರ್ಮಾನದ ಬಗ್ಗೆಯೇ ಅನುಮಾನವೋ ಎಂಬುದು. ಅದಕ್ಕೆ ಒಂದು ಪ್ರಶ್ನೆ ಕೊಟ್ಟೆವು: ನಾಳೆ ಟಿಕೆಟ್ ರದ್ದಾಗಿ ಇನ್ನೂ ಐದು ವರ್ಷ ಅಲ್ಲೇ ಎಂದಾದರೆ ಹೇಗನಿಸುತ್ತದೆ? ಉತ್ತರವನ್ನು ಒಂದು ರಾತ್ರಿ ಕಳೆದ ಮೇಲೆ ಹೇಳಬೇಕು. ಸುಮಾಗೆ ಮೊದಲ ಒಂದು ಗಂಟೆ ಹಗುರವೆನಿಸಿತು. ಬೆಳಗಾಗುವ ಹೊತ್ತಿಗೆ ಮಾವನವರ ನೆನಪಾಗಿ ಸಂಕಟ ಶುರುವಾಯಿತು. ಅಂದರೆ ತೀರ್ಮಾನ ಗಟ್ಟಿಯಾಗಿದೆ, ಇರುವುದು ಅಗಲಿಕೆಯ ಬೇಸರ. ಆ ಹಗುರ ನಾಲ್ಕೈದು ದಿನ ಹಾಗೆಯೇ ಉಳಿದಿದ್ದರೆ ಸಲಹೆಯ ದಾರಿಯೇ ಬೇರೆಯಾಗುತ್ತಿತ್ತು. ಆಗ ಗಂಡನನ್ನೂ ಕೂರಿಸಿಕೊಂಡು ಹೊರಡುವ ವಿಷಯವನ್ನೇ ಮತ್ತೆ ತೆಗೆಯಬೇಕು.

ಆಮೇಲೆ ಕಾಗದಪತ್ರ. ಆಪ್ತಸಲಹೆಯಲ್ಲಿ ಇದೇಕೆ ಅನಿಸಬಹುದು. ಆದರೆ ಕೊನೆಯ ದಿನಗಳನ್ನು ನುಂಗುವುದು ಬಹುಪಾಲು ಇದೇ. ಜರ್ಮನಿ ಬಿಟ್ಟು ಹೋಗುವವರು ನಗರ ಕಚೇರಿಯಲ್ಲಿ ಹೆಸರು ತೆಗೆಸಬೇಕು, ಅದಕ್ಕೆ ‘ಆಬ್‌ಮೆಲ್ಡುಂಗ್’ ಎನ್ನುತ್ತಾರೆ. ಮನೆ ಬಿಡುವ ದಿನಕ್ಕೆ ಒಂದು ವಾರಕ್ಕಿಂತ ಮುಂಚೆ ಇದನ್ನು ಮಾಡಲಾಗದು, ಬಿಟ್ಟ ಎರಡು ವಾರದೊಳಗೆ ಮಾಡಲೇಬೇಕು. ಇಂಟರ್‌ನೆಟ್, ರೇಡಿಯೊ-ಟಿವಿ ಶುಲ್ಕ, ಆರೋಗ್ಯ ವಿಮೆ ಎಲ್ಲವನ್ನೂ ನಿಲ್ಲಿಸಲು ಅಲ್ಲಿ ಕೊಡುವ ಪತ್ರದ ಪ್ರತಿ ಬೇಕಾಗುತ್ತದೆ. ಹೀಗಾಗಿ ಗೆಳೆಯರಿಗೆ ವಿದಾಯ ಹೇಳಬೇಕಾದ ವಾರದಲ್ಲೇ ಈ ರಗಳೆಗಳೆಲ್ಲ ಒಟ್ಟಿಗೆ ಮೇಲೆ ಬೀಳುತ್ತವೆ. ಇದನ್ನು ತಪ್ಪಿಸುವಂತಿಲ್ಲ, ಒಂದೇ ದಿನಕ್ಕೆ ಅದುಮಿಡಬಹುದು. ಕಚೇರಿಯ ಸಮಯವನ್ನು ಮಾರ್ಚ್‌ನಲ್ಲೇ ಕಾದಿರಿಸುವುದು, ಉಳಿದ ಪತ್ರಗಳನ್ನೆಲ್ಲ ಮೊದಲೇ ಬರೆದಿಟ್ಟು, ಆಬ್‌ಮೆಲ್ಡುಂಗ್ ಕೈಗೆ ಸಿಕ್ಕ ಸಂಜೆಯೇ ಅದನ್ನು ಲಗತ್ತಿಸಿ ಕಳಿಸಿಬಿಡುವುದು. ಈ ಹೊಣೆ ಪೂರ್ತಿ ಗಂಡನದು ಎಂದಾಯಿತು. ಅಲ್ಲಿಯ ಬ್ಯಾಂಕ್ ಖಾತೆಯನ್ನು ಮಾತ್ರ ಅವಸರದಲ್ಲಿ ಮುಚ್ಚಬೇಡಿ ಎಂದೆವು. ಮನೆಯ ಅಡ್ವಾನ್ಸ್ ವಾಪಸಾಗಲು ತಿಂಗಳುಗಳೇ ಹಿಡಿಯುತ್ತವೆ. ಹೀಟಿಂಗ್, ನೀರಿನ ಲೆಕ್ಕ ಕೊಡಲು ಮನೆಮಾಲೀಕರಿಗೆ ಲೆಕ್ಕದ ಅವಧಿ ಮುಗಿದ ಮೇಲೆ 12 ತಿಂಗಳ ಕಾಲಾವಕಾಶವಿದೆ.

ಮಗನ ಶಾಲೆಯದೂ ಹೀಗೇ. ನಮ್ಮ ಶಾಲೆಗಳು ಕೇಳುವಂಥ ಟಿಸಿ ಕೊಡುವ ರೂಢಿ ಅಲ್ಲಿಲ್ಲ. ಯಾವ ತರಗತಿ, ಯಾವ ದಿನಾಂಕದವರೆಗೆ ಹಾಜರಾತಿ ಎಂದು ಶಾಲೆಯ ಲೆಟರ್‌ಹೆಡ್‌ನಲ್ಲಿ ಸಹಿ, ಮೊಹರಿನ ಪತ್ರ, ಹಿಂದಿನ ಎರಡು ವರ್ಷದ ಅಂಕಪಟ್ಟಿ, ಅವುಗಳ ಇಂಗ್ಲಿಷ್ ಅನುವಾದ, ಲಸಿಕೆಯ ಹಳದಿ ಪುಸ್ತಕ, ಇಷ್ಟನ್ನೂ ಏಪ್ರಿಲ್ 10ರೊಳಗೆ ಕೈಯಲ್ಲಿಟ್ಟುಕೊಳ್ಳಲು ಹೇಳಿದೆವು. ಕೊನೆಯ ಹತ್ತು ದಿನ ಆದಷ್ಟು ಖಾಲಿಯಾಗಿ ಉಳಿಯಬೇಕು ಎಂಬುದೇ ಇಷ್ಟಕ್ಕೆಲ್ಲ ಕಾರಣ.

ಇನ್ನು ಫ್ರಿಜ್ ಮೇಲಿನ ಪಟ್ಟಿ. ಎಂಟು ವರ್ಷದಲ್ಲಿ ನೋಡದ ಕೋಟೆಯನ್ನು ಈಗ ಓಡೋಡಿ ನೋಡಿದರೆ ಅದು ಪ್ರವಾಸವಾಗುತ್ತದೆ, ಬದುಕಿದ ಊರಿಗೆ ವಿದಾಯವಾಗುವುದಿಲ್ಲ. ಊರಿಗೆ ಬಂದ ಮೇಲೆ ನೆನಪಾಗಿ ಕಾಡುವುದು ಆ ಕೋಟೆಯಲ್ಲ. ದಿನಾ ನಡೆದ ದಾರಿ, ಬ್ರೆಡ್ ಅಂಗಡಿಯಾಕೆ, ಬಸ್ ನಿಲ್ದಾಣದ ಬೆಂಚು. ಪಟ್ಟಿಯಿಂದ ಮೂರನ್ನು ಉಳಿಸಿಕೊಳ್ಳಿ, ಉಳಿದದ್ದನ್ನು ಹರಿದುಹಾಕಿ, ಪ್ರತಿ ವಾರ ಮಾಡುವ ಐದು ಕೆಲಸಗಳ ಹೆಸರು ಬರೆಯಿರಿ ಎಂದೆವು. ಸುಮಾ ಬರೆದ ಮೊದಲ ಹೆಸರು ಶನಿವಾರದ ತರಕಾರಿ ಸಂತೆ. ಎರಡನೆಯದು ಮಗ ಖಾಲಿ ಬಾಟಲಿಗಳನ್ನು ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕುವುದು. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ವಾಪಸ್ ಬರುತ್ತದೆ; ಅವನು ಒಂದೊಂದಾಗಿ ತೂರಿಸಿ, ಬಾಯಲ್ಲೇ ಕೂಡಿಸಿ, ಚೀಟಿ ಹೊರಬಂದಾಗ ತನ್ನ ಲೆಕ್ಕಕ್ಕೆ ತಾಳೆ ನೋಡುತ್ತಾನೆ. ಇದನ್ನು ಹೇಳುವಾಗ ಸುಮಾ ಮೊದಲ ಸಲ ನಕ್ಕರು.

ಸವಿಯುವುದಕ್ಕೂ ಒಂದು ಕ್ರಮ ಉಂಟು. ವಾರಕ್ಕೆ ಮೂರು ಸಲ, ಇಪ್ಪತ್ತು ನಿಮಿಷ, ಫೋನ್ ಕೈಯಲ್ಲಿಲ್ಲದೆ. ಶುರು ಮಾಡುವ ಮುಂಚೆ, ಇವತ್ತು ಯಾವುದನ್ನು ಗಮನಿಸುತ್ತೇನೆ ಎಂದು ಒಂದು ವಾಕ್ಯ ಬಾಯಿಬಿಟ್ಟು ಹೇಳಿಕೊಳ್ಳುವುದು: ವಾಸನೆಯೋ ಶಬ್ದವೋ ಕೈಗೆ ತಾಗುವುದೋ, ಒಂದೇ ಒಂದು. ಮುಗಿದ ಮೇಲೆ ಅದೇ ದಿನ ಯಾರಿಗಾದರೂ ಎರಡು ಮಾತಿನಲ್ಲಿ ಹೇಳುವುದು. ಏಪ್ರಿಲ್ ನಡುವಿನಿಂದ ಅಲ್ಲಿ ಬಿಳಿ ಆಸ್ಪರಾಗಸ್ ಸುಗ್ಗಿ. ಸುಮಾ ಅದನ್ನೇ ಆರಿಸಿಕೊಂಡರು: ತುದಿಯ ಕೆಳಗಿನಿಂದ ಬುಡದವರೆಗೆ ಸಿಪ್ಪೆ ಹೆರೆದು, ನಾರಿನ ಬುಡ ಕತ್ತರಿಸಿ, ಮನೆಯ ಸಾರಿನ ಪುಡಿ ಹಾಕಿ ಹುಳಿ ಮಾಡುವುದು. ಅದು ಅವರದೇ ಅಡುಗೆ, ಆ ಊರು ಮತ್ತು ಮಂಡ್ಯ ಎರಡೂ ಸೇರಿದ್ದು.

ಇಲ್ಲಿ ಎಡವುವ ಜಾಗ ಒಂದಿದೆ. "ಇದೇ ಕೊನೇ ಸಲ, ಇದೇ ಕೊನೇ ಸಲ" ಎಂದು ಮನಸ್ಸಿನಲ್ಲಿ ಜಪಿಸುತ್ತಿದ್ದರೆ ಕಣ್ಣು ತುಂಬುತ್ತದೆಯೇ ಹೊರತು ಸಂತೆ ಕಾಣುವುದಿಲ್ಲ. ಹಾಗೆಂದು ಕೊನೆಯನ್ನು ಮರೆಯಬೇಕಾಗಿಯೂ ಇಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಜೈಮಿ ಕರ್ಟ್ಜ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿ ಮುಗಿಯಲು ಆರು ವಾರವಿದ್ದ ವಿದ್ಯಾರ್ಥಿಗಳ ಪೈಕಿ, ಉಳಿದಿರುವ ದಿನ ಕಡಿಮೆ ಎಂದು ಭಾವಿಸಿಕೊಂಡು ಬರೆದವರ ನೆಮ್ಮದಿ ಎರಡು ವಾರದಲ್ಲಿ ಹೆಚ್ಚಿತ್ತು. ದಿನ ಕಡಿಮೆ ಎಂಬ ಅರಿವು ಒಳ್ಳೆಯದೇ. ಅದನ್ನು ಮನೆ ಬಿಡುವಾಗ ಒಮ್ಮೆ "ಇನ್ನು ಮೂರು ಶನಿವಾರ ಇವೆ" ಎಂದು ಎಣಿಸಿ ಅಲ್ಲಿಗೇ ಬಿಡಬೇಕು. ಫೋಟೊ ಬೇಕೆನಿಸಿದರೆ ಮೊದಲ ಎರಡು ನಿಮಿಷದಲ್ಲೇ ತೆಗೆದು ಮುಗಿಸಿ ಎಂದೆವು.

ವಿದಾಯದ ಊಟಗಳು ಇನ್ನೊಂದು ಸುಳಿ. ಕನ್ನಡ ಬಳಗದ ಒಂಬತ್ತು ಮನೆಯವರು ಕರೆದಿದ್ದರು. ಕರೆದಲ್ಲೆಲ್ಲ ಹೋದರೆ ಪ್ರತಿ ವಾರಾಂತ್ಯವೂ ಮುಗಿಯುತ್ತದೆ, ಹೋಗದಿದ್ದರೆ ಬೇಜಾರು. ಪಾರ್ಕಿನಲ್ಲಿ ಒಂದೇ ಮಧ್ಯಾಹ್ನ ಎಲ್ಲರೂ ಬುತ್ತಿ ತಂದು ಸೇರುವುದು, ಮುಗಿಯುವ ಹೊತ್ತನ್ನು ಮೊದಲೇ ತಿಳಿಸುವುದು, ಒಂಟಿಯಾಗಿ ಭೇಟಿ ಮಾಡಲೇಬೇಕಾದ ನಾಲ್ವರಿಗೆ ಮಾತ್ರ ಬೇರೆ ಸಮಯ. ಆ ನಾಲ್ವರಲ್ಲಿ ಒಬ್ಬರು, ಮಗನ ಓಡಾಟದ ಸದ್ದಿಗೆ ಎರಡು ವರ್ಷದಿಂದ ಮಾತು ಬಿಟ್ಟಿದ್ದ ಕೆಳಮನೆಯ ವೃದ್ಧೆ. ಅವರ ಹೆಸರು ಸೇರಿಸಲು ಒತ್ತಾಯಿಸಿದವರು ನಾವೇ. ಊರು ಬದಲಿಸುವ ಕುಟುಂಬಗಳ ಜೊತೆ ದುಡಿದ ಡೇವಿಡ್ ಪೊಲಾಕ್ ವಿದಾಯಕ್ಕೂ ಮುಂಚೆ ರಾಜಿಯಾಗಬೇಕು ಎನ್ನುತ್ತಿದ್ದರು. ಬಗೆಹರಿಯದ ಜಗಳ ಹೊಸ ಊರಿಗೂ ಬೆನ್ನು ಹತ್ತಿ ಬರುತ್ತದೆ. ಸುಮಾ ಕೊಬ್ಬರಿ ಮಿಠಾಯಿ ಹಿಡಿದು ಹೋದರು. ವೃದ್ಧೆ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು, ಒಳಗೆ ಕರೆಯಲಿಲ್ಲ. ಅಷ್ಟೇ ಆದರೂ ಆ ರಾತ್ರಿ ಸುಮಾಗೆ ನಿದ್ದೆ ಬಂತು.

ಮಗ ಹೊರಡುವ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. "ಮೈಸೂರಲ್ಲಿ ಎಲ್ಲಾ ಚೆನ್ನಾಗಿರುತ್ತೆ" ಎಂಬ ಸಮಾಧಾನವನ್ನು ಮನೆಯವರೆಲ್ಲ ನಿಲ್ಲಿಸಬೇಕೆಂದು ಹೇಳಿದೆವು. ಮಗು ಅದನ್ನು ನಂಬುವುದಿಲ್ಲ, ಮೇಲಾಗಿ ತನ್ನ ಬೇಸರಕ್ಕೆ ಇಲ್ಲಿ ಜಾಗವಿಲ್ಲವೆಂದು ತಿಳಿಯುತ್ತದೆ. ಅದರ ಬದಲು ಅವನಿಗೆ ಒಂದು ಪೆಟ್ಟಿಗೆ ಕೊಟ್ಟು, ಏನು ತುಂಬಿದರೂ ಯಾರೂ ತೆಗೆಯಬಾರದೆಂಬ ಕರಾರು. ಆ ಪೆಟ್ಟಿಗೆ ವಿಮಾನದಲ್ಲಿ ಜೊತೆಗೇ ಬರಬೇಕು. ಹಡಗಿನ ಸಾಮಾನು ಮನೆ ಮುಟ್ಟಲು ಎರಡು ತಿಂಗಳು ದಾಟುವುದುಂಟು, ಅಷ್ಟರಲ್ಲಿ ಅವನಿಗೆ ಬೇಕಿದ್ದ ಹೊತ್ತು ಮುಗಿದಿರುತ್ತದೆ. ಆಪ್ತ ಗೆಳೆಯನ ಜೊತೆ ಮೊದಲ ವಿಡಿಯೊ ಕರೆಯ ದಿನವನ್ನು ಹೊರಡುವ ಮುಂಚೆಯೇ ನಿಗದಿ ಮಾಡಿಸಿದೆವು: ಶನಿವಾರ ಅಲ್ಲಿಯ ಮಧ್ಯಾಹ್ನ ಎರಡು, ಮೈಸೂರಿನ ಸಂಜೆ ಐದೂವರೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಅಂತರ ಮೂರೂವರೆ ಗಂಟೆ, ಆಮೇಲೆ ನಾಲ್ಕೂವರೆ. ಇದನ್ನು ಇಬ್ಬರು ಹುಡುಗರಿಗೂ ಬರೆದುಕೊಡಬೇಕು, ಇಲ್ಲದಿದ್ದರೆ ನವೆಂಬರ್‌ನಲ್ಲಿ ಒಬ್ಬ ಕಾದು ಕೂತು ಬೇಜಾರಾಗುತ್ತಾನೆ.

ತಾಯಿಗೆ ಹೇಳಬೇಕಾದ ಮಾತನ್ನು ಸುಮಾ ನಮ್ಮೆದುರು ಎರಡು ಮೂರು ಸಲ ಹೇಳಿ ರೂಢಿ ಮಾಡಿಕೊಂಡರು: "ಅಮ್ಮ, ಬರೋ ಖುಷಿ ನಂಗೂ ಇದೆ. ಈ ಮನೆ ಬಿಡೋದಕ್ಕೆ ಹೊಟ್ಟೆ ಉರೀತಾನೂ ಇದೆ. ಸುಮ್ನೆ ಕೇಳಿಸ್ಕೋ, ಏನೂ ಹೇಳ್ಬೇಡ." ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವು ಮದುವೆಯಾಗಿ ಬಂದಾಗ ಮೂರು ತಿಂಗಳು ಅತ್ತದ್ದನ್ನು ಹೇಳಿದರಂತೆ. ಗಂಡನ ಬಗ್ಗೆ ಸುಮಾಗಿದ್ದ ದೂರು, ಅವರಿಗೆ ಏನೂ ಅನಿಸುತ್ತಿಲ್ಲ, ಬರೀ ಪೆಟ್ಟಿಗೆ ಲೆಕ್ಕ ಎಂಬುದು. ಒಂದು ಕರೆಯಲ್ಲಿ ಅವರನ್ನೂ ಕೂರಿಸಿದೆವು. ಪೆಟ್ಟಿಗೆ ಕಟ್ಟುತ್ತಿದ್ದರೆ ಯೋಚನೆ ಬರುವುದಿಲ್ಲ, ಅದಕ್ಕೇ ಕಟ್ಟುತ್ತೇನೆ ಎಂದರು. ರಾತ್ರಿ ಊಟದ ನಂತರ ಇಬ್ಬರೂ ಇಪ್ಪತ್ತು ನಿಮಿಷ ನಡೆಯುವುದು, ಆ ಹೊತ್ತಿನಲ್ಲಿ ಸಾಗಣೆ, ಟಿಕೆಟ್, ಬ್ಯಾಂಕಿನ ಮಾತಿಲ್ಲ ಎಂದು ಒಪ್ಪಿಕೊಂಡರು. ಭಾನುವಾರ ಪೆಟ್ಟಿಗೆ ಮುಟ್ಟುವುದಿಲ್ಲವೆಂಬ ಕರಾರು ಮಾತ್ರ ಒಂದೇ ವಾರ ನಡೆಯಿತು.

ಊರಿಗೆ ಬಂದ ಮೇಲಿನದನ್ನೂ ಮುಂಚೆಯೇ ಮಾತಾಡಿದ್ದೆವು. ಮೊದಲ ಎರಡು ವಾರ ನೆಂಟರ ಗದ್ದಲದಲ್ಲಿ ಕಳೆಯುತ್ತದೆ. ಬೇಸರ ಮೇಲೇಳುವುದು ಹೆಚ್ಚಾಗಿ ಮನೆ ಖಾಲಿಯಾದ ನಂತರ. "ಅಲ್ಲಿ ಹೀಗಿರಲಿಲ್ಲ" ಎಂಬ ಮಾತನ್ನು ಅತ್ತೆ ಮಾವನ ಮುಂದೆ ಆಡುವ ಬದಲು, ಅಲ್ಲಿಂದಲೇ ಬಂದ ಇನ್ನೊಬ್ಬರಿಗೆ ಹೇಳಿಕೊಳ್ಳುವುದು ಕ್ಷೇಮ. ರಾತ್ರಿಯ ನಡಿಗೆ ಇಲ್ಲಿ ಕುಕ್ಕರಹಳ್ಳಿ ಕೆರೆಯ ಬೆಳಗಿನ ನಡಿಗೆಯಾಗಲಿ ಎಂದೆವು. ನಿದ್ದೆ, ಊಟ ಎರಡು ವಾರಕ್ಕೂ ಮೀರಿ ಕೆಟ್ಟರೆ, ಏನೂ ಬೇಡವೆನಿಸತೊಡಗಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದಾದ ಉಚಿತ ಸಹಾಯವಾಣಿ ಟೆಲಿ ಮನಸ್, ಸಂಖ್ಯೆ 14416.

ಜುಲೈನಲ್ಲಿ ಮತ್ತೆ ಮಾತಾಡಿದಾಗ ಸುಮಾ ಚೆನ್ನಾಗಿ ನಿದ್ದೆ ಮಾಡುತ್ತಿದ್ದರು. ಮಗ ಶನಿವಾರದ ಕರೆಯನ್ನು ತಪ್ಪಿಸಿಲ್ಲ. ಈಗಿನ ಕಷ್ಟ ಶಾಲೆಯ ಕನ್ನಡ: ಮಾತು ಸರಾಗ, ಒತ್ತಕ್ಷರ ಓದಲು ತಡವರಿಸುತ್ತಾನೆ, ತರಗತಿಯಲ್ಲಿ ಓದಲು ಎಬ್ಬಿಸಿದರೆ ಹೊಟ್ಟೆನೋವು ಅನ್ನುತ್ತಾನೆ. ದಿನಕ್ಕೆ ಹದಿನೈದು ನಿಮಿಷ ತಾತನಿಗೆ ಪತ್ರಿಕೆಯ ತಲೆಬರಹಗಳನ್ನು ಓದಿ ಹೇಳುವುದು, ತಪ್ಪಿದರೆ ತಾತ ತಿದ್ದದೆ ತಾವೊಮ್ಮೆ ಸರಿಯಾಗಿ ಓದುವುದು, ತಿಂಗಳ ಮಟ್ಟಿಗೆ ಗಟ್ಟಿಯಾಗಿ ಓದಿಸದಂತೆ ತರಗತಿಯ ಶಿಕ್ಷಕಿಯನ್ನು ಕೇಳಿಕೊಳ್ಳುವುದು ಎಂದು ಗೊತ್ತು ಮಾಡಿ, ಆಗಸ್ಟ್ ಕೊನೆಗೆ ಮಗನನ್ನೂ ಕರೆತರಲು ಹೇಳಿದ್ದೇವೆ.